ಮುಂದಿನ ಬ್ರೇಕ್ ಪ್ಯಾಡ್: ರೇಟು ಕೇಳುವ ಮೊದಲು ಇಳಿಜಾರು ನೋಡಿ

ಬಿ.ಸಿ. ರೋಡಿರಲಿ, ಗುರುವಾಯನಕೆರೆ ಇರಲಿ, ಮೂಡುಬಿದಿರೆ ಪೇಟೆಯಿರಲಿ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೇಳಿದರೆ ಎದುರಾಗುವ ಪ್ರಶ್ನೆ ಒಂದೇ: “ಕಂಪನಿದು ಬೇಕಾ, ಲೋಕಲ್ ಆಗ್ತದಾ?” ಹೆಚ್ಚಿನವರು ರೇಟು ಕೇಳಿಕೊಂಡು ಉತ್ತರ ಹೇಳುತ್ತಾರೆ. ನಿಮ್ಮ ಗಾಡಿ ಎಲ್ಲಿ ಇಳಿಯುತ್ತದೆ, ಎಷ್ಟು ಹೊತ್ತು ಇಳಿಯುತ್ತದೆ, ಮಳೆಗಾಲದಲ್ಲಿ ಎಷ್ಟು ನೆನೆಯುತ್ತದೆ ಎಂಬುದು ತಿಳಿದಿದ್ದರೆ ಆಯ್ಕೆ ಸುಲಭ. ಆಟೊ, ಹಳೆಯ ಸ್ಕೂಟರ್ ಇಟ್ಟುಕೊಂಡವರಿಗೆ ಒಂದು ಮಾತು: ಡ್ರಮ್ ಬ್ರೇಕಿಗೆ ಬೇಕಾದದ್ದು ಶೂ, ಇಲ್ಲಿರುವುದು ಡಿಸ್ಕ್ ಬ್ರೇಕಿನ ಸಂಗತಿ.

1. ಮೊದಲು ನಿಮ್ಮ ದಾರಿ ಯಾವುದೆಂದು ನೋಡಿ

ಬಂಟ್ವಾಳದಿಂದ ಮಂಗಳೂರಿಗೆ ದಿನಾ ಹೋಗಿ ಬರುವ ಕಾರಿಗೆ ಜಂಕ್ಷನ್‌ಗಳಲ್ಲಿ ನಿಂತು ಹೊರಡುವುದೇ ಕೆಲಸ. ಮೂಡುಬಿದಿರೆ–ವೇಣೂರು–ಗುರುವಾಯನಕೆರೆ ಕಡೆಯ ಗಾಡಿಗೆ ಸಣ್ಣ ಸಣ್ಣ ಏರಿಳಿತ, ಮೇಲೆ ಕೆಂಪು ಮಣ್ಣು. ಉಜಿರೆ ದಾಟಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಘಾಟಿ ಹತ್ತಿ ಇಳಿಯುವ ಗಾಡಿಯ ಲೆಕ್ಕವೇ ಬೇರೆ. ಒಂದು ಟನ್ ತೂಕದ ಕಾರು 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಬಲದಲ್ಲೇ ಇಳಿದರೆ ಹುಟ್ಟುವ ಶಾಖ ಸುಮಾರು 49 ಲಕ್ಷ ಜೂಲ್; ಬಚ್ಚಲ ಹಂಡೆಯಲ್ಲಿ 15 ಲೀಟರ್ ತಣ್ಣೀರು ಹಾಕಿದ್ದರೆ ಕುದಿಯುವಷ್ಟು. ಇದರ ಬಹುಪಾಲನ್ನು ತಾಳಬೇಕಾದದ್ದು ಮುಂದಿನ ಚಕ್ರಗಳ ನಾಲ್ಕು ಪುಟ್ಟ ಪ್ಯಾಡ್‌ಗಳು, ಏಕೆಂದರೆ ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ತೋಟದ ಮನೆಯಿಂದ ಡಾಂಬರು ರಸ್ತೆಯ ತನಕ ಕಡಿದಾದ ಇಳಿಜಾರು ಇರುವವರೂ ತಮ್ಮನ್ನು ಘಾಟಿಯವರ ಲೆಕ್ಕಕ್ಕೇ ಸೇರಿಸಿಕೊಳ್ಳಲಿ.

2. ಒಳಗಿನ ಪ್ಯಾಡನ್ನೇ ನೋಡಿ

ಹೊಸ ಕಾರಿನ ಪ್ಯಾಡಿನಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಸಮಯ ಬಂತು. ಚಕ್ರದ ಸಂದಿಯಲ್ಲಿ ಟಾರ್ಚ್ ಹಾಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ನಮ್ಮ ತೇವದ ಹವೆಗೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಹಿಡಿದುಕೊಂಡರೆ ಒಳಗಿನದು ಮೊದಲು ಸವೆದು ಹೋಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಚಕ್ರ ಬಿಚ್ಚಿಸಿ ನೋಡಿ. ಹಲವು ಪ್ಯಾಡ್‌ಗಳಲ್ಲಿ ತಗಡಿನ ಒಂದು ನಾಲಗೆ ಇರುತ್ತದೆ. ಪದರ ಮುಗಿಯುತ್ತ ಬಂದಾಗ ಅದು ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಆ ಸದ್ದನ್ನು ಅಡಗಿಸಲು ಎಣ್ಣೆ ಬಿಟ್ಟವರಿದ್ದಾರಂತೆ. ದಯವಿಟ್ಟು ಬೇಡ, ಎಣ್ಣೆ ತಾಗಿದ ಪ್ಯಾಡ್ ಹಿಡಿಯುವುದಿಲ್ಲ.

3. ಮೂರು ಬಗೆ, ನಮಗೆ ಎರಡೇ ಸಾಕು

ಆರ್ಗ್ಯಾನಿಕ್ ಪ್ಯಾಡ್ ಮೆತ್ತಗಿನದು, ಸದ್ದು ಕಡಿಮೆ, ಡಿಸ್ಕನ್ನು ತಿನ್ನುವುದಿಲ್ಲ. ಆದರೆ ಬೇಗ ಸವೆಯುತ್ತದೆ, ತುಂಬಾ ಕಾದರೆ ಹಿಡಿತ ಸಡಿಲುತ್ತದೆ. ಪೇಟೆ, ಶಾಲೆ, ಪಡಿತರ ಅಂಗಡಿ ಎಂದು ಓಡಾಡುವ ಆಲ್ಟೊ, ವ್ಯಾಗನ್ ಆರ್‌ಗಳಿಗೆ ಇದು ಧಾರಾಳವಾಯಿತು. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ನಾರು, ಕಬ್ಬಿಣದ ಪುಡಿ ಬೆರೆತಿರುತ್ತದೆ. ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಸದ್ದು ತುಸು ಜಾಸ್ತಿ, ಕಪ್ಪು ಪುಡಿ ಜಾಸ್ತಿ, ಡಿಸ್ಕಿನ ಸವೆತವೂ ಜಾಸ್ತಿ. ಹೇರಿಕೊಂಡು ಹೋಗುವ ಬೊಲೆರೊ, ಪಿಕಪ್, ವಾರವಾರ ಘಾಟಿ ಹತ್ತುವ ಬಾಡಿಗೆ ಕಾರು ಇದಕ್ಕೆ ಸೇರಿದವು. ಮೂರನೆಯದು ಸೆರಾಮಿಕ್. ಚೆನ್ನಾಗಿಯೇ ಇದೆ, ಪುಡಿ ಕಡಿಮೆ, ಸದ್ದೂ ಇಲ್ಲ. ಬೆಲೆ ಮಾತ್ರ ಏರು. ನಿಮ್ಮ ಕಾರಿಗೆ ಕಂಪನಿಯೇ ಅದನ್ನು ಕೊಟ್ಟಿದ್ದರೆ ಹಾಕಿಸಿ. ಇಲ್ಲವಾದರೆ ಆ ಹಣದಲ್ಲಿ ಟಯರು ಬದಲಿಸುವುದು ಮಳೆಗಾಲಕ್ಕೆ ಹೆಚ್ಚು ಉಪಯೋಗ. ಇನ್ನು ‘ರೇಸಿಂಗ್’ ಎಂದು ಬರೆದ ಪ್ಯಾಡ್‌ಗಳಿಗೆ ಕೈ ಹಾಕಲೇಬೇಡಿ; ಅವು ಕಾದ ಮೇಲೆ ಹಿಡಿಯುವಂಥವು, ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಬೇಕಾದಾಗ ಕೈಕೊಡುತ್ತವೆ.

4. ಎರಡು ಅಕ್ಷರ ಓದಲು ಕಲಿಯಿರಿ

ಅನೇಕ ಪ್ಯಾಡ್‌ಗಳ ಅಂಚಿನಲ್ಲೋ ಹಿಂಬದಿಯಲ್ಲೋ ಸಂಖ್ಯೆಗಳ ಜೊತೆಗೆ ಎಫ್‌ಎಫ್, ಎಫ್‌ಇ, ಜಿಜಿ ಎಂಬಂತೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಜೋರಾಗಿ ಕಾದಾಗ ಘರ್ಷಣೆ ಎಷ್ಟೆಂದು ಹೇಳುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಎಫ್‌ಇ ಎಂದಿದ್ದರೆ ಕಾದಾಗ ಹಿಡಿತ ಒಂದು ಮೆಟ್ಟಲು ಇಳಿಯುತ್ತದೆ ಎಂದರ್ಥ. ಘಾಟಿಯವರು ಎಫ್‌ಎಫ್ ಹುಡುಕಲಿ. ಆದರೆ ಇದು ಹಿಡಿತದ ಅಳತೆಯಷ್ಟೇ. ಪ್ಯಾಡ್ ಎಷ್ಟು ಕಾಲ ಬಾಳುತ್ತದೆ, ಎಷ್ಟು ಗಟ್ಟಿ ಎಂಬುದು ಆ ಅಕ್ಷರಗಳಲ್ಲಿ ಇಲ್ಲ. ಅದಕ್ಕೆ ತಯಾರಕರ ಹೆಸರೇ ಆಧಾರ.

5. ಡಬ್ಬಿಯನ್ನು ಅನುಮಾನಿಸಿ

ಡೂಪ್ಲಿಕೇಟ್ ಹೆಚ್ಚು ಓಡುವುದು ಹೆಸರಾಂತ ಕಂಪನಿಯ ಡಬ್ಬಿಯಲ್ಲೇ. ಪಾರ್ಟ್ ನಂಬರ್ ನಿಮ್ಮ ಮಾಡೆಲ್ಲು, ವರ್ಷ ಎರಡಕ್ಕೂ ಹೊಂದಬೇಕು. ಒಂದೇ ಹೆಸರಿನ ಸ್ವಿಫ್ಟ್‌ನಲ್ಲೂ ವರ್ಷ ಬದಲಾದರೆ ಪ್ಯಾಡ್ ಬದಲಾಗಬಹುದು. ಕಂಪನಿಯ ಒರಿಜಿನಲ್ ಸಿಗದಿದ್ದರೆ ರಾಣೆ, ಸುಂದರಂ, ಅಲೈಡ್ ನಿಪ್ಪಾನ್, ಬಾಷ್‌ನಂಥ ಹೆಸರುಗಳಿವೆ. ‘ಲೋಕಲ್’ಗೂ ಇವಕ್ಕೂ ಇರುವ ವ್ಯತ್ಯಾಸ ಕೆಲವು ನೂರು ರೂಪಾಯಿ. ಬಿಲ್ ಕೇಳಿ. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಬಲ್ಬು ಕೊಳ್ಳಿ, ಬ್ರೇಕ್ ಬೇಡ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿ.

6. ಪುಡಿಯನ್ನು ಊದಬೇಡಿ

ಅಗ್ಗದ ಮಾಲಿನಲ್ಲಿ ಕಲ್ನಾರು ಇರಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ‘ಆಸ್ಬೆಸ್ಟಾಸ್ ಫ್ರೀ’ ಎಂದು ಬರೆದದ್ದನ್ನೇ ಕೊಳ್ಳಿ. ಗ್ಯಾರೇಜಿನ ಹುಡುಗ ಏರ್ ಪೈಪ್ ಹಿಡಿದು ಬ್ರೇಕಿನ ಪುಡಿ ಹಾರಿಸಲು ಹೊರಟರೆ ತಡೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ನಿಮಗಿಂತ ಅವನ ಶ್ವಾಸಕೋಶದ ಪ್ರಶ್ನೆ ಅದು.

7. ಎರಡೂ ಚಕ್ರಕ್ಕೆ ಒಟ್ಟಿಗೆ

ಒಂದು ಬದಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಎಂದರೆ ಮಳೆಯಲ್ಲಿ ಗಾಡಿ ಒಂದು ಬದಿಗೆ ಎಳೆಯುತ್ತದೆ.

8. ಡಿಸ್ಕನ್ನೂ ಅಳೆಸಿ

ಹೆದ್ದಾರಿ ಅಗಲೀಕರಣದ ಮಣ್ಣು, ಮುರಕಲ್ಲಿನ ಪುಡಿ ಪ್ಯಾಡಿನ ನಡುವೆ ಸಿಕ್ಕಿದರೆ ಡಿಸ್ಕಿನಲ್ಲಿ ಗೀರು ಬೀಳುತ್ತದೆ. ಹೆಚ್ಚಿನ ಡಿಸ್ಕ್‌ಗಳಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತದೆ. ಲೇತಿಗೆ ಹಾಕಿ ನಯಗೊಳಿಸಿದ ಮೇಲೂ ಅಷ್ಟು ದಪ್ಪ ಉಳಿಯಬೇಕು. ಉಳಿಯದಿದ್ದರೆ ಹೊಸ ಡಿಸ್ಕೇ ಗತಿ. ರಾತ್ರಿ ನೆನೆದ ಗಾಡಿಯ ಡಿಸ್ಕಿನಲ್ಲಿ ಬೆಳಿಗ್ಗೆ ಕಾಣುವ ತೆಳು ತುಕ್ಕಿಗೆ ಹೆದರಬೇಕಿಲ್ಲ, ಎರಡು ಬ್ರೇಕಿಗೆ ಹೋಗುತ್ತದೆ.

9. ಬ್ರೇಕ್ ಆಯಿಲ್ ಮರೆತರೆ ಪ್ಯಾಡ್ ದಂಡ

ನಮ್ಮ ಊರುಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಇದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮತ್ತು ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರ ಲೆಕ್ಕ ಇನ್ನೂ ಕಡಿಮೆ, 205 ಮತ್ತು 140. ಘಾಟಿಯ ಕೊನೆಯ ತಿರುವುಗಳಲ್ಲಿ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿತೆಂದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಎಂಥ ಪ್ಯಾಡ್ ಇದ್ದರೂ ಪ್ರಯೋಜನವಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಗಾಡಿಯ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ದರ್ಜೆಯದ್ದನ್ನೇ ಹಾಕಿ, ಕಪಾಟಿನಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯದ್ದು ಬೇಡ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಗೇರ್ ತಾನೇ ಬದಲಾಗುವ ಕಾರಾದರೆ ಕೆಳಗಿನ ಗೇರಿಗೆ ಕೈಯಾರೆ ಹಾಕಿಕೊಳ್ಳಿ.

10. ಬೈಕಿನವರಿಗೆ

ಚೈನಿಗೆ ಹೊಡೆಯುವ ಸ್ಪ್ರೇ, ವಾಟರ್ ಸರ್ವಿಸಿನವರು ಹೊಡೆಯುವ ಡೀಸೆಲ್, ಎರಡೂ ಡಿಸ್ಕಿಗೆ ತಾಗಬಾರದು. ಕಂಪನಿ ಆರ್ಗ್ಯಾನಿಕ್ ಕೊಟ್ಟಲ್ಲಿ ಗಟ್ಟಿ ಎಂದು ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕಿಸಿದರೆ ಡಿಸ್ಕ್ ಬೇಗ ಸವೆಯುತ್ತದೆ.

11. ಕೂರಿಸುವಾಗ ಪಕ್ಕದಲ್ಲಿ ನಿಲ್ಲಿ

ಕ್ಯಾಲಿಪರಿನ ಪಿನ್ನು ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದರೇ? ಕ್ಲಿಪ್ಪು, ಹಿಂಬದಿಯ ತೆಳು ತಗಡು ಸ್ಥಳಕ್ಕೆ ಬಂತೇ? ಇಷ್ಟು ನೋಡಿಕೊಳ್ಳಿ. ಕೆಲಸ ಮುಗಿದು ಕೀಲಿ ಕೈಗೆ ಬಂದೊಡನೆ ಗಾಡಿ ಚಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ. ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ.

12. ಹೊಸ ಪ್ಯಾಡಿಗೆ ಪಳಗಲು ಬಿಡಿ

ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ನಿಧಾನವಾಗಿ ಇಳಿಸುತ್ತ, ನಡುನಡುವೆ ತಣಿಯಲು ಬಿಡುತ್ತ, ಇಪ್ಪತ್ತು ಸಲ ಬ್ರೇಕ್ ಹಾಕಿ. ಮೊದಲ 200–300 ಕಿ.ಮೀ. ತುರ್ತು ಬಿದ್ದರೆ ಹೊರತು ಗಕ್ಕನೆ ಒತ್ತಬೇಡಿ. ಇಂದು ಪ್ಯಾಡ್ ಹಾಕಿಸಿ ನಾಳೆ ಬೆಳಿಗ್ಗೆ ಸಂಸಾರ ಸಮೇತ ಘಾಟಿಯ ಮೇಲಿನ ಕೊಟ್ಟಿಗೆಹಾರಕ್ಕೆ ಹೊರಟಿದ್ದೀರಾದರೆ, ಪ್ರವಾಸವನ್ನು ಮುಂದಿನ ಭಾನುವಾರಕ್ಕೆ ಹಾಕಿ.