ಬ್ಯಾಂಕಿನವರು ಗುರುತು ಕೇಳುವುದೇಕೆ?

"ಇಪ್ಪತ್ತು ವರ್ಷದಿಂದ ಇದೇ ಬ್ಯಾಂಕಿನಲ್ಲಿ ವ್ಯವಹಾರ ನನ್ನದು. ಈಗ ಮತ್ತೆ ಆಧಾರ್ ತನ್ನಿ, ಫೋಟೋ ತನ್ನಿ ಎನ್ನುತ್ತಾರಲ್ಲ, ನಾನೇನು ಕಳ್ಳನೇ?" ಎಂದು ಅನೇಕ ರೈತ ಬಾಂಧವರು ಕೇಳುವುದುಂಟು. ಕೇಳತಕ್ಕ ಮಾತೇ. ಆದರೆ ಇದು ಮ್ಯಾನೇಜರರು ತಾವಾಗಿ ಮಾಡಿದ ಕಟ್ಟಳೆಯಲ್ಲ. ಕಾನೂನು ಅವರ ಮೇಲೆ ಹೊರಿಸಿರುವ ಹೊಣೆ. (ಒರಟಾಗಿ ಕೇಳಬೇಕೆಂದು ಮಾತ್ರ ಯಾವ ಕಾನೂನೂ ಹೇಳಿಲ್ಲ.)

ಲಂಚ, ಮೋಸ, ಮಾದಕವಸ್ತುಗಳ ಮಾರಾಟ ಮುಂತಾದವುಗಳಿಂದ ಬಂದ ಹಣವನ್ನು ಹಲವು ಖಾತೆಗಳಲ್ಲಿ ತಿರುಗಿಸಿ, ನ್ಯಾಯವಾಗಿ ಗಳಿಸಿದ್ದೆಂದು ತೋರಿಸುವವರಿದ್ದಾರೆ. ಕದ್ದ ಎತ್ತನ್ನು ಮೂರು ಸಂತೆ ದಾಟಿಸಿದರೆ ಅದರ ಮೊದಲ ಒಡೆಯ ಯಾರೆಂದು ತಿಳಿಯುವುದು ಕಷ್ಟವಲ್ಲವೇ? ಇದೂ ಹಾಗೆಯೇ. ಇದನ್ನು ತಡೆಯಲು 2002ರಲ್ಲಿ ಆದ ಕಾಯ್ದೆ 2005ರ ಜುಲೈ 1ರಿಂದ ಜಾರಿಯಲ್ಲಿದೆ. ಸಹಕಾರಿ ಬ್ಯಾಂಕುಗಳೂ ಚಿಟ್ ಫಂಡ್ ಕಂಪನಿಗಳೂ ಇದಕ್ಕೆ ಒಳಪಟ್ಟಿವೆ.

ಇವರೆಲ್ಲರೂ ಖಾತೆದಾರನ ಗುರುತನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಬ್ಯಾಂಕಿನವರು ಸಾಧಾರಣ ಖಾತೆಗಳ ವಿವರವನ್ನೂ ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಬೇಕು. ವಿವರ ಯಾವುದೂ ಬದಲಾಗಿಲ್ಲವಾದರೆ ಹಾಗೆಂದು ಬರೆದುಕೊಟ್ಟರೆ ಸಾಕು. ಇದು ತಿಳಿಯದೆ ಎಷ್ಟೋ ಮಂದಿ ಝೆರಾಕ್ಸ್ ಅಂಗಡಿಗೆ ಅಲೆಯುತ್ತಾರೆ. ವ್ಯವಹಾರದ ದಾಖಲೆಗಳನ್ನು ಐದು ವರ್ಷ ಕಾಪಾಡಬೇಕು. ಹತ್ತು ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರವನ್ನು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಅದೇ ಮೊತ್ತವನ್ನು ಒಂದು ತಿಂಗಳಲ್ಲಿ ತುಂಡು ತುಂಡಾಗಿ ಕಟ್ಟಿದರೂ ಲೆಕ್ಕ ಒಂದೇ. ಅನುಮಾನ ಹುಟ್ಟಿಸುವ ವ್ಯವಹಾರವಾದರೆ ಮೊತ್ತ ಎಷ್ಟೇ ಇರಲಿ, ವರದಿ ಹೋಗುತ್ತದೆ. ಅದನ್ನು ಖಾತೆದಾರನಿಗೆ ಹೇಳುವಂತಿಲ್ಲ. ವರದಿಯಾದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ. ಅಡಿಕೆಯನ್ನೋ ಮೆಣಸಿನಕಾಯಿಯನ್ನೋ ಮಾರಿ ದೊಡ್ಡ ಮೊತ್ತ ಕಟ್ಟುವವರು ಮಂಡಿಯ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡರೆ ಕೇಳಿದಾಗ ತೋರಿಸಬಹುದು.

ನಿಜವಾದ ಅಪಾಯ ಇರುವುದು ಬೇರೆ ಕಡೆ. "ನಿಮ್ಮ ಖಾತೆಯನ್ನು ಕೆಲವು ದಿನ ಬಳಸಲು ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಹೇಳಿ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಪಡೆಯುವವರು ಹಳ್ಳಿಗಳಿಗೂ ಬರುತ್ತಾರೆ. ಬೇರೆಲ್ಲಿಯೋ ಮೋಸಹೋದವರ ಹಣ ಆ ಖಾತೆಗೆ ಬಂದು, ಅಷ್ಟೇ ಬೇಗ ಹೊರಗೆ ಹೋಗುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ಸಿಗುವ ಹೆಸರು ಖಾತೆದಾರನದು. ಖಾತೆಯನ್ನು ತಡೆಹಿಡಿದರೆ ಬೆಳೆ ಸಾಲ, ಹಾಲಿನ ಬಟವಾಡೆ, ವಿಮೆಯ ಹಣ ಎಲ್ಲವೂ ಅದರೊಳಗೇ ನಿಲ್ಲುತ್ತದೆ. ಬಿತ್ತನೆಯ ಹದ ಅದಕ್ಕಾಗಿ ಕಾಯುವುದಿಲ್ಲ. ತಿಳಿದೂ ಇಂತಹ ಹಣಕ್ಕೆ ನೆರವಾದವರಿಗೆ ಈ ಕಾಯ್ದೆಯಂತೆ ಮೂರರಿಂದ ಏಳು ವರ್ಷ ಕಠಿಣ ಸಜೆಯುಂಟು. ನೆಂಟರ ಹುಡುಗನೇ ಕೇಳಿದರೂ ಕೊಡಬೇಡಿರಿ.

ಈಗಾಗಲೇ ಕೊಟ್ಟಿರುವವರು ತಡಮಾಡದೆ ಶಾಖೆಗೆ ಹೋಗಿ ಕಾರ್ಡನ್ನು ನಿಲ್ಲಿಸಲು ಬರೆದುಕೊಟ್ಟು, ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳತಕ್ಕದ್ದು. ಗುರುತಿಲ್ಲದ ಹಣ ಜಮೆಯಾಗಿದ್ದರೆ ಮುಟ್ಟದೆ ಬ್ಯಾಂಕಿಗೆ ತಿಳಿಸಿರಿ. "ಕೆವೈಸಿ ಮುಗಿದಿದೆ, ಒಟಿಪಿ ಹೇಳಿ" ಎಂದು ಫೋನು ಬಂದರೆ ಏನನ್ನೂ ಹೇಳದೆ ಇಟ್ಟುಬಿಡಿ. ಮೋಸದಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿರಿ.