ಎರಡು ವರ್ಷದ ನರ್ಸಿಂಗ್ ಪದವಿ: ಒಂದು ಲೆಕ್ಕಾಚಾರ

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ನಾಲ್ಕು ವರ್ಷದ ಬಿ.ಎಸ್ಸಿ. ಒಂದೇ ದಾರಿಯಲ್ಲ. ಅಲ್ಲಿ ‘ಅಸೋಸಿಯೇಟ್ ಡಿಗ್ರಿ ಇನ್ ನರ್ಸಿಂಗ್’ ಎಂಬ ಎರಡು ವರ್ಷದ ಕೋರ್ಸ್ ಇದೆ. ಚಿಕ್ಕದಾಗಿ ಎ.ಡಿ.ಎನ್. ಎನ್ನುತ್ತಾರೆ. ಹೆಚ್ಚಾಗಿ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಆಯಾ ಊರಿನ ಜನರಿಗಾಗಿ ಸರ್ಕಾರದ ನೆರವಿನಿಂದ ನಡೆಯುವ ಕಡಿಮೆ ಶುಲ್ಕದ ಕಾಲೇಜುಗಳಲ್ಲಿ, ಇದನ್ನು ಕಲಿಸುತ್ತಾರೆ. ವಾಣಿಜ್ಯ ವಿಭಾಗದ ನನಗೇಕೆ ಈ ವಿಷಯ ಎಂದು ನೀವು ಕೇಳಬಹುದು. ‘ಕಾಮರ್ಸ್ ತೆಗೆದುಕೊಂಡ ಮೇಲೆ ನರ್ಸಿಂಗ್ ಆಸೆ ಬಿಟ್ಟುಬಿಡು’ ಎಂಬ ಮಾತನ್ನು ನಮ್ಮ ತರಗತಿಯಲ್ಲಿ ಹಲವರು ಕೇಳಿದ್ದೇವೆ. ನನ್ನ ಅಮ್ಮಿಯೂ ಅದನ್ನೇ ನಂಬಿದ್ದರು.

ಈ ಕೋರ್ಸ್ ಹುಟ್ಟಿದ್ದು ನರ್ಸ್‌ಗಳ ಕೊರತೆಯಿಂದ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಸ್ಪತ್ರೆಗಳಿಗೆ ಸಾಕಷ್ಟು ನರ್ಸ್‌ಗಳು ಸಿಗುತ್ತಿರಲಿಲ್ಲ. ಆಗ ಹೆಚ್ಚಿನವರು ಆಸ್ಪತ್ರೆಗಳೇ ನಡೆಸುತ್ತಿದ್ದ ಮೂರು ವರ್ಷದ ಡಿಪ್ಲೊಮಾ ಓದುತ್ತಿದ್ದರು. ಓದಿನ ಹೆಸರಿನಲ್ಲಿ ವಾರ್ಡಿನ ದುಡಿಮೆಯೇ ಜಾಸ್ತಿ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್ ಅವರು, ಈ ಶಿಕ್ಷಣವನ್ನು ಕಾಲೇಜಿಗೆ ತಂದರೆ ಎರಡೇ ವರ್ಷದಲ್ಲಿ ಮುಗಿಸಬಹುದು ಎಂದು 1951ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ವಾದಿಸಿದರು. 1952ರಲ್ಲಿ ಕೆಲವೇ ಕಾಲೇಜುಗಳಲ್ಲಿ ಪ್ರಯೋಗ ಆರಂಭವಾಯಿತು. ಅಲ್ಲಿ ಓದಿದವರು ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದರು. ಕೋರ್ಸ್ ದೇಶದೆಲ್ಲೆಡೆ ಹರಡಿತು.

‘ಎರಡು ವರ್ಷ’ ಎಂಬುದನ್ನು ಮಾತ್ರ ಅಂಗಡಿಯ ಬೋರ್ಡಿನ ಹಾಗೆ ನಂಬಬಾರದು. ನರ್ಸಿಂಗ್ ಪಾಠಕ್ಕೆ ಸೇರುವ ಮೊದಲೇ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ವಿಜ್ಞಾನ, ಇಂಗ್ಲಿಷ್ ಮುಂತಾದವುಗಳಲ್ಲಿ ಪಾಸಾಗಿರಬೇಕು ಎಂದು ಅನೇಕ ಕಾಲೇಜುಗಳು ಕೇಳುತ್ತವೆ. ಅವನ್ನೂ ಸೇರಿಸಿದರೆ ಬಹಳ ಜನರಿಗೆ ಮೂರು ವರ್ಷವಾಗುತ್ತದೆ. ಆದರೂ ಲಾಭವೇ. ನಾವು ಅರ್ಥಶಾಸ್ತ್ರದಲ್ಲಿ ಓದಿದ ಅವಕಾಶ ವೆಚ್ಚವನ್ನು ನೆನಪಿಸಿಕೊಳ್ಳಿ: ಬೇಗ ಮುಗಿಸಿದವರಿಗೆ ಶುಲ್ಕವೂ ಉಳಿಯುತ್ತದೆ, ಸಂಬಳವೂ ಬೇಗ ಶುರುವಾಗುತ್ತದೆ. ಇನ್ನೊಂದು ವಿಶೇಷವೆಂದರೆ ಶಾಲೆಯಲ್ಲಿ ಏನು ಓದಿದ್ದರೂ ಆ ವಿಜ್ಞಾನ ವಿಷಯಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿಯೇ ಓದಬಹುದು. ಅಕೌಂಟ್ಸ್ ಓದಿದವರಿಗೆ ಬಾಗಿಲು ಮುಚ್ಚಿಲ್ಲ.

ಕೊನೆಗೆ ಎಲ್ಲರೂ ಬರೆಯುವುದು ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಒಂದೇ ಪರೀಕ್ಷೆ. ಅದು ಕಂಪ್ಯೂಟರ್ ಪರೀಕ್ಷೆ. ನೀವು ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ಕಂಪ್ಯೂಟರ್ ಆರಿಸುತ್ತದೆ. 2023ರಿಂದ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, ಐದು ಗಂಟೆ ಸಮಯ. ನರ್ಸ್‌ಗೆ ಬೇಕಾದ ಲೆಕ್ಕ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ: 1000 ಮಿ.ಲೀ. ಡ್ರಿಪ್ 8 ಗಂಟೆಯಲ್ಲಿ ಮುಗಿಯಬೇಕು, ಒಂದು ಮಿ.ಲೀ.ಗೆ 15 ಹನಿ ಬೀಳುವ ನಳಿಕೆ ಇದೆ. ಗಂಟೆಗೆ 125 ಮಿ.ಲೀ. ಅದನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 31 ಹನಿ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡುವವರಿಗೆ ಇದೇನು ಕಷ್ಟ! ಆದರೆ ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.

ಲೈಸೆನ್ಸ್ ಒಂದೇ ಆದರೂ ಕೆಲಸ ಒಂದೇ ಅಲ್ಲ. ದೊಡ್ಡ ಆಸ್ಪತ್ರೆಗಳು ಬಿ.ಎಸ್ಸಿ. ಆದವರನ್ನು ಬಯಸುತ್ತವೆ. ನ್ಯೂಯಾರ್ಕ್ ರಾಜ್ಯವಂತೂ 2017ರಲ್ಲಿ, ಹೊಸ ನರ್ಸ್‌ಗಳು ಹತ್ತು ವರ್ಷದೊಳಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ ಪದವಿ ಪಡೆಯಬೇಕೆಂದು ಕಾನೂನು ಮಾಡಿತು. ಆದ್ದರಿಂದ ಅನೇಕರು ಮೊದಲು ಎ.ಡಿ.ಎನ್. ಮುಗಿಸಿ, ಕೆಲಸ ಮಾಡುತ್ತಲೇ ಪದವಿ ಓದುತ್ತಾರೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಆದರೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಹಾಗಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಲ್ಲಿ ವಿಜ್ಞಾನಕ್ಕೆ ಆದ್ಯತೆ ಇದ್ದರೂ, ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಓದಿದವರೂ ಇಂಗ್ಲಿಷ್ ಪಾಸಾಗಿ 40 ಶೇಕಡಾ ಪಡೆದಿದ್ದರೆ ಅರ್ಹರು. ಜಿ.ಎನ್.ಎಂ. ಆದವರೂ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್‌ಗಳೇ. ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ಅಮೆರಿಕದ ಮೆಟ್ಟಿಲುಗಳೇ ಇಲ್ಲಿಯೂ ಇವೆ, ಹೆಸರು ಮಾತ್ರ ಬೇರೆ.

ಅಮ್ಮಿಗೆ ಇದನ್ನು ಓದಿ ಹೇಳಿದಾಗ ಅವರ ಮುಂದಿನ ಪ್ರಶ್ನೆ ನೈಟ್ ಡ್ಯೂಟಿಯದ್ದು. ಅದಕ್ಕೆ ನನ್ನ ಬಳಿ ಲೆಕ್ಕವಿರಲಿಲ್ಲ. ಮದೀನಾದ ಮಸೀದಿಯ ಬಳಿ ಡೇರೆಯಲ್ಲಿ ಗಾಯಾಳುಗಳ ಆರೈಕೆ ಮಾಡಿದ ಹಜ್ರತ್ ರುಫೈದಾ (ರ) ಅವರ ಹೆಸರು ಹೇಳಿದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲೇಜು ಎಲ್ಲಿದೆ, ಹಾಸ್ಟೆಲ್ ಹೇಗಿದೆ, ಅದನ್ನು ಮೊದಲು ವಿಚಾರಿಸು’ ಎಂದರು. ನಾನು ಈಗ ವಿಚಾರಿಸುತ್ತಿದ್ದೇನೆ. ನೀವೂ ವಿಚಾರಿಸುವುದಾದರೆ, ಶುಲ್ಕ ಕೇಳುವ ಮೊದಲು ಆ ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಮಕ್ಕಳನ್ನು ತರಬೇತಿಗೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ ಎಂದು ಕೇಳಿ.