ಮನೆಯಲ್ಲಿಯೇ ಸೀಗೆಪುಡಿ

ಎಣ್ಣೆಸ್ನಾನದ ಮರುದಿನ ಕಣ್ಣು ಕೆಂಪಾಗಿದ್ದ ಬಾಲಕಿಯೊಬ್ಬಳನ್ನು ಆಕೆಯ ತಾಯಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ನಾವೇ ಹೇಳಿಕೊಟ್ಟಿದ್ದ ಸೀಗೆಪುಡಿ ಕಣ್ಣಿಗೆ ಬಿದ್ದಿತ್ತು. ಮಾಡುವ ಕ್ರಮವನ್ನು ತಿಳಿಸಿದ್ದೆವು. ಬಳಸುವಾಗಿನ ಎಚ್ಚರವನ್ನು ತಿಳಿಸಿರಲಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸುತ್ತಿದ್ದೇವೆ, ಸದ್ಭಕ್ತರು ಮನ್ನಿಸಬೇಕು.

1 ಕಿಲೋ ಸೀಗೆಕಾಯಿಗೆ ಬೀಜ ತೆಗೆದ ಅಂಟುವಾಳದ ಸಿಪ್ಪೆ 200 ಗ್ರಾಂ, ಮೆಂತ್ಯ 100 ಗ್ರಾಂ ಸಾಕು. ಸೀಗೆಕಾಯಿ ಲಟಕ್ಕನೆ ಮುರಿಯುವಷ್ಟು ಬಿಸಿಲಿನಲ್ಲಿ ಎಲ್ಲವನ್ನೂ ಒಣಗಿಸಬೇಕು. ತೇವ ಉಳಿದರೆ ಪುಡಿಗೆ ಬೂಷ್ಟು ಹಿಡಿಯುತ್ತದೆ. ಬೀಸಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. (ಜೋಳ ಬೀಸುವ ಗಿರಣಿಗೇ ಇದನ್ನು ಹಾಕಿಸಬೇಡಿರಿ, ಮರುದಿನದ ರೊಟ್ಟಿ ಕಹಿಯಾದೀತು!) ತೆಳುಬಟ್ಟೆಯಲ್ಲಿ ಸೋಸಿ, ಒಣಗಿದ ಡಬ್ಬಿಯಲ್ಲಿ ತುಂಬಿ, ಮೇಲೆ ಹೆಸರು ಬರೆದಿಡಿರಿ.

ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶವೇ ಕೂದಲಿನ ಜಿಡ್ಡನ್ನು ತೆಗೆಯುತ್ತದೆ. ಕಣ್ಣನ್ನು ಉರಿಸುವುದೂ ಅದೇ. ಆದುದರಿಂದ 2 ಚಮಚ ಪುಡಿಯನ್ನು ಅನ್ನ ಬಸಿದ ಗಂಜಿಯಲ್ಲಿ ಕಲಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಹಚ್ಚಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ 15 ನಿಮಿಷ ತೊಳೆಯಿರಿ. ಮನೆಮದ್ದಿನ ಹನಿ ಹಾಕಲೇಬಾರದು. ಉರಿಯಾಗಲಿ ಕೆಂಪಾಗಲಿ ಉಳಿದರೆ ಅಂದೇ ನೇತ್ರವೈದ್ಯರನ್ನು ಕಾಣಿರಿ. ಹಸುಗೂಸುಗಳಿಗಂತೂ ಈ ಪುಡಿ ಬೇಡ; ಬೆಚ್ಚಗಿನ ನೀರೇ ಸಾಕು.